ಮಗಳ ಮೈಬಣ್ಣ, ಮೊಬೈಲಿನ ಮಾತು

ಪ್ರಶ್ನೆ: ನಮ್ಮದು ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲ್. 13 ವರ್ಷದ ಮಗಳು ಕಪ್ಪಗಿದ್ದಾಳೆ. ಅವಳ ರೀಲ್ಸ್ ಕೆಳಗೆ ಯಾರೋ ‘ಲೈಟ್ ಹಾಕ್ಕೊಂಡು ಬಾ’ ಎಂದು ಬರೆದರು. ಈಗ ಫಿಲ್ಟರ್ ಇಲ್ಲದೆ ಫೋಟೊ ತೆಗೆಸಿಕೊಳ್ಳುವುದಿಲ್ಲ. ರಜೆಯಲ್ಲಿ ತಾತನ ಜೊತೆ ಕುರಿ ಕಾಯಲು ಹೋಗುತ್ತಿದ್ದವಳು ಬಿಸಿಲೆಂದರೆ ಹೆದರುತ್ತಾಳೆ. ಬೆಳ್ಳಗಾಗುವ ಕ್ರೀಮು ಕೊಡಿಸಲೇ?

ಉತ್ತರ: ಮಗಳು ಕುಗ್ಗಿದ್ದನ್ನು ನೀವು ಗಮನಿಸಿದ್ದೀರಿ, ಅರ್ಧ ಕೆಲಸ ಆದಂತೆಯೇ. ಈ ವಯಸ್ಸಿನಲ್ಲಿ ಒಂದು ಮಾತು ದಿನಗಟ್ಟಲೆ ಕೊರೆಯುತ್ತದೆ. ‘ಇಷ್ಟಕ್ಕೆಲ್ಲ ಅಳ್ತಾರಾ’ ಎನ್ನಬೇಡಿ, ಪೂರ್ತಿ ಹೇಳಿಕೊಳ್ಳಲು ಬಿಡಿ.

ಕ್ರೀಮು ಬೇಡ. ಮೈಬಣ್ಣ ಬರುವುದು ಮೆಲನಿನ್‌ನಿಂದ (ಚರ್ಮದಲ್ಲಿರುವ ಬಣ್ಣದ ವಸ್ತು). ಬಿಸಿಲಿನ ಕೆಡುಕಿನಿಂದ ಚರ್ಮವನ್ನು ಕಾಯುವುದೂ ಅದೇ. ಬಿಳುಪಿನ ಆಸೆಗೆ ಜನ ಹಚ್ಚುವ ಕೆಲವು ಕ್ರೀಮುಗಳಲ್ಲಿ ಸ್ಟೀರಾಯ್ಡ್ (ಊತ, ಕಡಿತ ತಗ್ಗಿಸುವ ಔಷಧ) ಇರುತ್ತದೆ. ವೈದ್ಯರ ಸಲಹೆ ಇಲ್ಲದೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಮೊಡವೆ, ಕೆಂಪು, ಮುಖದ ಮೇಲೆ ಕೂದಲು ಬರಬಹುದು.

ಫೋನ್ ಕಿತ್ತುಕೊಳ್ಳಬೇಡಿ, ಮುಂದಿನ ಸಲ ಅವಳು ನಿಮಗೆ ಹೇಳುವುದೇ ಇಲ್ಲ. ಆ ಕಾಮೆಂಟಿನ ಸ್ಕ್ರೀನ್‌ಶಾಟ್ (ಪರದೆಯ ಚಿತ್ರ) ಇಟ್ಟುಕೊಂಡು, ಬರೆದವರನ್ನು ಬ್ಲಾಕ್ ಮಾಡಿಸಿ. ಖಾತೆ ಪರಿಚಯದವರಿಗಷ್ಟೇ ಕಾಣಲಿ. ಫಿಲ್ಟರ್ ಹಾಕಿದ ಮತ್ತು ಹಾಕದ ಎರಡು ಫೋಟೊ ಪಕ್ಕಪಕ್ಕ ಇಟ್ಟು ನೋಡಿ: ಬಣ್ಣದ ಜೊತೆಗೆ ಮೂಗು, ಗಲ್ಲವೂ ಬದಲಾಗಿರುವುದನ್ನು ಅವಳೇ ಕಂಡುಹಿಡಿಯಲಿ.

ಮನೆಯಲ್ಲಿ ‘ಬಿಸಿಲಿಗೆ ಹೋದ್ರೆ ಕಪ್ಪಾಗ್ತೀಯ’, ‘ಗಂಡು ಸಿಗೋದು ಕಷ್ಟ’ ಎನ್ನುವವರಿದ್ದರೆ ಅವರನ್ನು ತಡೆಯಿರಿ, ಅದೂ ಮಗಳ ಎದುರಿಗೇ. ಮನೆಯಲ್ಲಿ ಇಂಥದ್ದನ್ನು ಮೊದಲೇ ಕೇಳಿದ್ದರೆ ಮೊಬೈಲಿನ ಮಾತು ನಿಜವೆನಿಸಿಬಿಡುತ್ತದೆ.

ಪ್ರಶ್ನೆ: ನಾವು ಯಲ್ಲಾಪುರ ಕಡೆಯ ಸಿದ್ದಿಗಳು, ಈಗ ಬೆಂಗಳೂರಿನಲ್ಲಿದ್ದೇವೆ. ಒಂಬತ್ತು ವರ್ಷದ ಮಗನ ಗುಂಗುರು ಕೂದಲಿನ ಫೋಟೊಗೆ ‘ಆಫ್ರಿಕಾ’ ಎಂದು ಬರೆದು ಸಹಪಾಠಿಗಳು ವಾಟ್ಸಾಪಿನಲ್ಲಿ ಹಂಚುತ್ತಿದ್ದಾರೆ. ಶಾಲೆಗೆ ಹೋಗಲೊಲ್ಲ.

ಉತ್ತರ: ಅವನ ಭಯಕ್ಕೆ ಕಾರಣವಿದೆ, ತಪ್ಪು ಅವನದಲ್ಲ. ಇದನ್ನು ಅವನಿಗೆ ಬಾಯಿಬಿಟ್ಟು ಹೇಳಿ.

ಆಮೇಲೆ ಅವನದೇ ಕಥೆ ಹೇಳಿ. ಶತಮಾನಗಳ ಹಿಂದೆ ಪೋರ್ಚುಗೀಸರು, ಅರಬ್ ವರ್ತಕರು ಆಫ್ರಿಕಾದಿಂದ ತಂದ ಸಿದ್ದಿ ಪೂರ್ವಜರಲ್ಲಿ ಹಲವರು ಗುಲಾಮಗಿರಿಯಿಂದ ತಪ್ಪಿಸಿಕೊಂಡು ಉತ್ತರ ಕನ್ನಡದ ಕಾಡು ಸೇರಿ ಬದುಕು ಕಟ್ಟಿದರು. ಆಫ್ರಿಕಾ ಎಂದರೆ ತಲೆ ತಗ್ಗಿಸಬೇಕಾದ್ದೇನಿಲ್ಲ. ನೀನಾಸಂ ರಂಗಶಾಲೆಯಲ್ಲಿ ಕಲಿತ ನಟ ಪ್ರಶಾಂತ್ ಸಿದ್ದಿಯವರ ಸಿನಿಮಾ ಜೊತೆಗೆ ಕೂತು ನೋಡಿ. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡದ್ದನ್ನೂ ತಿಳಿಸಿ.

ಉತ್ತರ ಕೊಡುವ ಹೊರೆ ಮಗುವಿನದಲ್ಲ. ಆ ಸಂದೇಶಗಳನ್ನು ಹಿಡಿದು ನೀವೇ ಮುಖ್ಯ ಶಿಕ್ಷಕರನ್ನು ಕಾಣಿರಿ, ದೂರನ್ನು ಬರವಣಿಗೆಯಲ್ಲಿ ಕೊಡಿ. ಕಿರುಕುಳ ನಿಲ್ಲದಿದ್ದರೆ 1098 (ಮಕ್ಕಳ ಸಹಾಯವಾಣಿ) ಇದೆ. ದೂರು ಕೊಟ್ಟ ಮರುದಿನ ಶಾಲೆಯ ಗೇಟಿನವರೆಗೆ ನೀವೇ ಜೊತೆಯಲ್ಲಿ ಹೋಗಿ.