ಗಾಳಿಚಪ್ಪರದ ಭದ್ರತೆಯೂ ಉಸಿರಿನ ಎಚ್ಚರವೂ

ಬ್ರಿಟನ್ ಹಾಗೂ ಐರೋಪ್ಯ ದೇಶಗಳಲ್ಲಿ ಬೇಸಿಗೆಯ ರಜೆಯನ್ನು ಕಡಲತೀರದಲ್ಲೋ ಬೆಟ್ಟದ ತಪ್ಪಲಿನಲ್ಲೋ ಬಯಲು ಬಿಡಾರದಲ್ಲಿ ಕಳೆಯುವ ರೂಢಿ ಬಹುಕಾಲದಿಂದ ಬಂದಿದೆ. ಮಂಚ, ಒಲೆ, ನೀರು ಮುಂತಾದ ಅನುಕೂಲಗಳುಳ್ಳ, ಕಾರಿನ ಹಿಂದೆ ಜೋಡಿಸಿ ಎಳೆದೊಯ್ಯಬಹುದಾದ ಗಾಲಿಮನೆಗೆ ಅಲ್ಲಿ ಕ್ಯಾರವಾನ್ ಎಂದು ಹೆಸರು. ಅದರ ಒಂದು ಪಾರ್ಶ್ವಕ್ಕೆ ತಗಲಿಸಿ ನಿಲ್ಲಿಸುವ ಬಟ್ಟೆಯ ಕೋಣೆಯೇ ಆನಿಂಗ್. ಕನ್ನಡ ನಾಡಿನ ಹಳೆಯ ಮನೆಗಳಲ್ಲಿ ಜಗುಲಿ ಮಾಡುತ್ತಿದ್ದ ಕೆಲಸವನ್ನು ಅಲ್ಲಿ ಇದು ಮಾಡುತ್ತದೆ. ಕೂರುವುದು, ಉಣ್ಣುವುದು, ಒದ್ದೆ ಬಟ್ಟೆ ಹರವುವುದು ಎಲ್ಲವೂ ಇದರೊಳಗೆ. ನೆಂಟರು ಹೆಚ್ಚಾದಾಗ ಮಕ್ಕಳು ಮಲಗುವುದೂ ಇಲ್ಲಿಯೇ.

ಹಿಂದೆ ಈ ಕೋಣೆಯನ್ನು ಲೋಹದ ಕೊಳವೆಗಳು ಎತ್ತಿ ಹಿಡಿಯುತ್ತಿದ್ದವು. 2010ರ ದಶಕದಿಂದೀಚೆಗೆ ಅವುಗಳ ಸ್ಥಾನವನ್ನು ಬಹುಮಟ್ಟಿಗೆ ಗಾಳಿ ತುಂಬಿದ ತೊಲೆಗಳು ಆಕ್ರಮಿಸಿವೆ. ಇಂಥ ಆನಿಂಗನ್ನು ಇಲ್ಲಿ ‘ಗಾಳಿಚಪ್ಪರ’ ಎಂದು ಕರೆಯಲಾಗಿದೆ. ಮುಂಬಯಿ, ಪುಣೆ, ದಿಲ್ಲಿಗಳಿಂದ ಬೇಸಿಗೆಯಲ್ಲಿ ಮಕ್ಕಳ ಮನೆಗೆಂದು ವಿಲಾಯಿತಿಗೆ ಹೋಗುವ ಹಿರಿಯರು ಒಮ್ಮೊಮ್ಮೆ ಇಂತಹ ಚಪ್ಪರದಡಿ ರಾತ್ರಿ ಕಳೆಯುವ ಪ್ರಸಂಗ ಬರುವುದುಂಟು. ನಡುರಾತ್ರಿ ಗಾಳಿ ಇಳಿದು ಎಲ್ಲವೂ ಮೈಮೇಲೆ ಕುಸಿದರೆ ಗತಿಯೇನು ಎಂಬ ಭಯ ಅವರಿಗೆ ಹುಟ್ಟುವುದು ಸಹಜ. ಆದರೆ ಪ್ರಾಣಕ್ಕೆ ಎರವಾಗುವ ಅಪಾಯ ತೊಲೆಯೊಳಗಿನ ಗಾಳಿಯಲ್ಲಿಲ್ಲ. ಚಪ್ಪರದೊಳಗೆ ಉಸಿರಾಡುವ ಗಾಳಿಯಲ್ಲಿದೆ. ಈ ಭೇದವನ್ನು ತಿಳಿಯುವುದು ಅತ್ಯವಶ್ಯಕ.

ರಚನೆ ಮತ್ತು ದೃಢತೆ

ಗಾಳಿತೊಲೆಯ ತತ್ತ್ವ ಸೈಕಲ್ ಟೈರಿನದೇ. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದಂದಿನಿಂದ, ಹಿಡಿದಿಟ್ಟ ಗಾಳಿಯು ಭಾರ ಹೊರಬಲ್ಲದೆಂಬ ಸಂಗತಿ ಮನೆಮಾತಾಗಿದೆ. ತೊಲೆಯೊಳಗೆ ಗಾಳಿ ಸೋರದ ಪ್ಲಾಸ್ಟಿಕ್ ಜಾತಿಯ ಒಳಚೀಲವಿರುತ್ತದೆ. ಅದು ಉಬ್ಬಿ ಒಡೆಯದಂತೆ ಗಟ್ಟಿ ಪಾಲಿಯೆಸ್ಟರ್ ಬಟ್ಟೆಯ ತೋಳುಚೀಲ ಅದನ್ನು ಬಿಗಿದಿಡುತ್ತದೆ. ಒತ್ತಡ ಸಾಮಾನ್ಯವಾಗಿ ಚದರ ಅಂಗುಲಕ್ಕೆ 6ರಿಂದ 9 ಪೌಂಡು. ಕಾರಿನ ಟೈರಿನ ಒತ್ತಡ 30 ಪೌಂಡಿನ ಆಸುಪಾಸಿನಲ್ಲಿರುವುದನ್ನು ನೆನೆದರೆ ಇದು ಅಲ್ಪವೇ ಸರಿ. ಆದುದರಿಂದ ತೊಲೆಗೆ ತೂತು ಬಿದ್ದರೂ ಸಾಮಾನ್ಯವಾಗಿ ಅದು ಸಿಡಿಯುವುದಿಲ್ಲ. ಮೆಲ್ಲಗೆ ಸೋರಿ ಬಾಗುತ್ತದೆ. ಅನೇಕ ಚಪ್ಪರಗಳಲ್ಲಿ ಒಂದು ತೊಲೆಯನ್ನು ಇನ್ನೊಂದರಿಂದ ಬೇರ್ಪಡಿಸುವ ಕವಾಟಗಳಿರುವುದರಿಂದ, ಅವನ್ನು ಮುಚ್ಚಿಟ್ಟಿದ್ದರೆ ಒಂದು ಸೋತರೂ ಉಳಿದವು ನಿಂತಿರುತ್ತವೆ.

ಇನ್ನೊಂದು ಗುಣವೂ ಉಂಟು. ಜೋರುಗಾಳಿಗೆ ಲೋಹದ ಕೊಳವೆ ಒಮ್ಮೆ ಬಾಗಿತೆಂದರೆ ಹಾಗೆಯೇ ಉಳಿಯುತ್ತದೆ, ಇಲ್ಲವೇ ಮುರಿಯುತ್ತದೆ. ಗಾಳಿತೊಲೆಯಾದರೋ ಬಾಗಿ ಮತ್ತೆ ನೆಟ್ಟಗಾಗುತ್ತದೆ. ತೂತಾದ ಒಳಚೀಲವನ್ನು ಹೊರಗೆಳೆದು, ಸಾಬೂನು ನೀರು ಸವರಿ, ಗುಳ್ಳೆ ಏಳುವ ಜಾಗವನ್ನು ಗುರುತಿಸಿ ತೇಪೆ ಹಾಕಬಹುದು. ಸೈಕಲ್ ಪಂಕ್ಚರ್ ತಿದ್ದಿಸಿದವರಿಗೆ ಇದು ಹೊಸ ವಿದ್ಯೆಯಲ್ಲ.

ಒತ್ತಡ ಹಗಲಿರುಳು ಒಂದೇ ಸಮನಾಗಿರದೆಂಬುದನ್ನು ನೆನಪಿಡಬೇಕು. ಹೊರಗಿನ ಉಷ್ಣತೆ 15 ಡಿಗ್ರಿ ಸೆಲ್ಸಿಯಸ್ ಇದ್ದಾಗ 7 ಪೌಂಡು ತುಂಬಿಸಿದ ತೊಲೆಯು ಬಿಸಿಲಿನಲ್ಲಿ 40 ಡಿಗ್ರಿಗೆ ಕಾದರೆ ಒತ್ತಡ ಸುಮಾರು 9 ಪೌಂಡಿಗೆ ಏರುತ್ತದೆ. ರಾತ್ರಿ 5 ಡಿಗ್ರಿಗೆ ಇಳಿದರೆ ಸುಮಾರು ಆರೂಕಾಲು ಪೌಂಡಿಗೆ ತಗ್ಗುತ್ತದೆ. ಮುಂಜಾನೆ ಚಪ್ಪರ ಕೊಂಚ ಜೋತುಬಿದ್ದಂತೆ ಕಂಡೊಡನೆ ತೂತಾಯಿತೆಂದು ಗಾಬರಿಪಡಬೇಕಾಗಿಲ್ಲ. ಅಂತೆಯೇ ಬೆಳಗಿನ ಚಳಿಯಲ್ಲಿ ಮಿತಿಯಂಚಿನವರೆಗೆ ಗಾಳಿ ತುಂಬಿ ನಡುಹಗಲಿನಲ್ಲಿ ಮರೆತುಬಿಡುವುದೂ ತರವಲ್ಲ. ಒತ್ತಡಮಾಪಕವುಳ್ಳ, ತಯಾರಕರು ಸೂಚಿಸಿದ ಪಂಪನ್ನೇ ಬಳಸಬೇಕು.

ಬಿರುಗಾಳಿಯ ಬಲ

ಚಪ್ಪರ ಸೋಲುವುದು ಬಹುತೇಕ ಹೊರಗಿನ ಗಾಳಿಗೆ. ಗಾಳಿಯ ವೇಗ ಇಮ್ಮಡಿಯಾದರೆ ಅದರ ನೂಕುಬಲ ನಾಲ್ಮಡಿಯಾಗುತ್ತದೆ. ಗಂಟೆಗೆ 36 ಕಿಲೋಮೀಟರ್ ವೇಗದ ಗಾಳಿ ಒಂದು ಚದರ ಮೀಟರಿನ ಮೇಲೆ ಸುಮಾರು 6 ಕಿಲೋಗ್ರಾಂ ಭಾರದಷ್ಟು ಒತ್ತುತ್ತದೆ. 72 ಕಿಲೋಮೀಟರ್ ವೇಗದ ಗಾಳಿ ಸುಮಾರು 25 ಕಿಲೋಗ್ರಾಂ. ನಾಲ್ಕು ಮೀಟರ್ ಅಗಲ, ಎರಡು ಮೀಟರ್ ಎತ್ತರದ ಗೋಡೆಗೆ ಲೆಕ್ಕ ಹಾಕಿದರೆ ಸುಮಾರು 50 ಕಿಲೋಗ್ರಾಂ ಇದ್ದ ಭಾರ 200 ಕಿಲೋಗ್ರಾಂಗೆ ಏರುತ್ತದೆ. ಇಷ್ಟನ್ನೂ ತಡೆಯಬೇಕಾದದ್ದು ನೆಲಕ್ಕೆ ಹೊಡೆದ ಗೂಟಗಳು ಮತ್ತು ಕಟ್ಟಿದ ಹಗ್ಗಗಳು. ಮಳೆಗೆ ನೆಲ ಮೆತ್ತಗಾದರೆ ಗೂಟದ ಹಿಡಿತ ಸಡಿಲುತ್ತದೆ. ಕಿತ್ತುಹೋದ ಚಪ್ಪರ ಪಕ್ಕದ ಬಿಡಾರದವರಿಗೂ ಅಪಾಯ ತರುವ ಸಂಭವವಿದೆ.

ಆದುದರಿಂದ ಗಾಳಿ ಶಾಂತವಾಗಿದ್ದಾಗಲೂ ಎಲ್ಲ ಗೂಟಗಳನ್ನೂ ಹೊಡೆದು, ಬಿರುಗಾಳಿ ಪಟ್ಟಿಗಳನ್ನು ಬಿಗಿಯಬೇಕು. ಹವಾಮಾನದ ಮುನ್ಸೂಚನೆಯನ್ನು ದಿನವೂ ನೋಡಬೇಕು. ಬಿರುಗಾಳಿ ಬರುವುದೆಂದು ತಿಳಿದರೆ ಹಗಲಿನಲ್ಲೇ, ಗಾಳಿ ಏಳುವ ಮೊದಲೇ, ಚಪ್ಪರವನ್ನು ಇಳಿಸಿಬಿಡುವುದು ಜಾಣತನ. ನಡುರಾತ್ರಿ ಭೋರ್ಗರೆಯುವ ಗಾಳಿಯಲ್ಲಿ ಇಳಿಸಹೊರಟರೆ ಬಟ್ಟೆಯೊಡನೆ ಮನುಷ್ಯರಿಗೂ ಪೆಟ್ಟಾದೀತು. ಮಕ್ಕಳನ್ನು ಅಂತಹ ರಾತ್ರಿ ಚಪ್ಪರದಲ್ಲಿ ಮಲಗಿಸದೆ ಕ್ಯಾರವಾನಿನೊಳಕ್ಕೆ ಕರೆತರಬೇಕು.

ಕಾಣದ ವಿಷ

ತೊಲೆ ಸೋತರೆ ನಷ್ಟವಾಗುವುದು ಬಟ್ಟೆಗೆ ಮತ್ತು ನಿದ್ರೆಗೆ. ಆದರೆ ಮುಚ್ಚಿದ ಚಪ್ಪರದೊಳಗೆ ಇದ್ದಿಲ ಕೆಂಡ ತಂದಿಟ್ಟರೆ ನಷ್ಟವಾಗುವುದು ಪ್ರಾಣ. ಬ್ರಿಟನ್ನಿನಲ್ಲಿ ಸಂಜೆ ಹೊರಗೆ ಇದ್ದಿಲ ಒಲೆಯ ಮೇಲೆ ಅಡುಗೆ ಮಾಡುವ ಪದ್ಧತಿ ಇದೆ. ಅಲ್ಯೂಮಿನಿಯಂ ತಟ್ಟೆಯಲ್ಲಿ ಬರುವ, ಒಮ್ಮೆ ಬಳಸಿ ಎಸೆಯುವ ಒಲೆಗಳೂ ಅಂಗಡಿಗಳಲ್ಲಿ ಸಿಗುತ್ತವೆ. ಊಟವಾದ ಮೇಲೆ ಮಳೆ ಹನಿಯುತ್ತದೆ, ಚಳಿ ಏರುತ್ತದೆ. ಜ್ವಾಲೆ ಆರಿದೆ, ಹೊಗೆಯಿಲ್ಲ ಎಂದುಕೊಂಡು ಬೆಚ್ಚಗಿರಲೆಂದು ಆ ತಟ್ಟೆಯನ್ನು ಒಳಕ್ಕೆ ತರುತ್ತಾರೆ. ಹೀಗೆ ಮಾಡಿ ಮಲಗಿದವರು ಮರುದಿನ ಏಳದೇಹೋದ ಘಟನೆಗಳು ಅಲ್ಲಿ ಹಲವು ಬಾರಿ ನಡೆದಿವೆ.

ಇದಕ್ಕೆ ಕಾರಣ ಇಂಗಾಲದ ಮಾನಾಕ್ಸೈಡ್ ಎಂಬ ಅನಿಲ. ಇಂಧನ ಪೂರ್ಣವಾಗಿ ಉರಿಯದಿದ್ದಾಗ ಇದು ಹುಟ್ಟುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಮೂಗುಗಳನ್ನು ಉರಿಸುವುದೂ ಇಲ್ಲ. ಜ್ವಾಲೆ ಅಡಗಿದ ಮೇಲೂ ಕೆಂಡವು ಗಂಟೆಗಟ್ಟಲೆ ಇದನ್ನು ಸೂಸುತ್ತಿರುತ್ತದೆ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಸುಮಾರು 200ರಿಂದ 250 ಪಟ್ಟು ಹೆಚ್ಚಿನ ಒಲವಿನಿಂದ ಈ ಅನಿಲವನ್ನು ಅಪ್ಪಿಕೊಳ್ಳುತ್ತದೆ. ಫಲವಾಗಿ ಉಸಿರಾಟ ನಡೆಯುತ್ತಿದ್ದರೂ ಮೆದುಳು ಮತ್ತು ಹೃದಯಗಳಿಗೆ ಆಮ್ಲಜನಕ ತಲುಪುವುದಿಲ್ಲ. ಶುದ್ಧಗಾಳಿಗೆ ಬಂದ ಬಳಿಕವೂ ರಕ್ತದಲ್ಲಿ ಸೇರಿದ ವಿಷದ ಅರ್ಧಭಾಗ ಹೋಗಲು ನಾಲ್ಕೈದು ಗಂಟೆ ಬೇಕು. ಆಸ್ಪತ್ರೆಯಲ್ಲಿ ಶುದ್ಧ ಆಮ್ಲಜನಕವನ್ನು ಕೊಟ್ಟರೆ ಈ ಅವಧಿ ಒಂದು, ಒಂದೂವರೆ ಗಂಟೆಗೆ ಇಳಿಯುತ್ತದೆ.

ಕಿಟಕಿ ತೆರೆದಿದ್ದರೆ ಸಾಕೆಂಬುದು ಭ್ರಮೆ. ಗ್ಯಾಸ್ ಒಲೆ, ಗ್ಯಾಸ್ ಹೀಟರ್, ಪೆಟ್ರೋಲ್ ಜನರೇಟರುಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಕೆಲವು ಕ್ಯಾರವಾನುಗಳಲ್ಲಿ ಹೀಟರಿನ ಇಲ್ಲವೇ ಗ್ಯಾಸ್ ಫ್ರಿಜ್ಜಿನ ಹೊಗೆಗಂಡಿ ಚಪ್ಪರದ ಪಾರ್ಶ್ವಕ್ಕೇ ತೆರೆಯುವುದುಂಟು. ಚಪ್ಪರ ಮುಚ್ಚಿದ್ದಾಗ ಅಲ್ಲಿ ಯಾರಾದರೂ ಮಲಗಿದ್ದರೆ ಅವನ್ನು ಉರಿಸಲೇಬಾರದು. ಸೋರಿದ ಅಡುಗೆ ಅನಿಲವು ಗಾಳಿಗಿಂತ ಭಾರವಾದುದರಿಂದ, ಗೋಡೆಗೆ ಹೊಲಿದ ನೆಲಹಾಸಿನ ಮೇಲೆ ಬೋಗುಣಿಯ ನೀರಿನಂತೆ ನಿಂತು ಒಂದು ಕಿಡಿಗಾಗಿ ಕಾದಿರುತ್ತದೆ. ಬೆಂಕಿ ತಗುಲಿದರೆ ಪಾಲಿಯೆಸ್ಟರ್ ಬಟ್ಟೆ ಕ್ಷಿಪ್ರವಾಗಿ ಕರಗಿ ಉರಿಯುತ್ತದೆ.

ಲಕ್ಷಣಗಳು ಮತ್ತು ಪ್ರಥಮ ಚಿಕಿತ್ಸೆ

ತಲೆನೋವು, ತಲೆಸುತ್ತು, ಓಕರಿಕೆ, ಕೈಕಾಲು ನಿಶ್ಶಕ್ತಿ, ಮಂಕು ಇವು ಮೊದಲ ಲಕ್ಷಣಗಳು. ನೆಗಡಿಜ್ವರವೆಂದೋ ಊಟ ಒಗ್ಗಲಿಲ್ಲವೆಂದೋ ಜನ ತಪ್ಪು ತಿಳಿಯುತ್ತಾರೆ. ಆದರೆ ಇಲ್ಲಿ ಮೈ ಬಿಸಿಯಾಗುವುದಿಲ್ಲ. ಒಂದೇ ಸ್ಥಳದಲ್ಲಿದ್ದ ಹಲವರಿಗೆ ಏಕಕಾಲದಲ್ಲಿ ಹೀಗಾದರೆ, ಹೊರಗೆ ಬಂದೊಡನೆ ಹಗುರವೆನಿಸಿದರೆ, ಈ ವಿಷವನ್ನೇ ಶಂಕಿಸಬೇಕು. ಗರ್ಭಿಣಿಯರು, ಶಿಶುಗಳು, ವೃದ್ಧರು ಮತ್ತು ಹೃದ್ರೋಗಿಗಳಿಗೆ ಅಪಾಯ ಅಧಿಕ.

ಆಗ ಮಾಡತಕ್ಕದ್ದೇನೆಂದರೆ, ಎಲ್ಲರನ್ನೂ ತತ್‌ಕ್ಷಣ ಬಯಲಿಗೆ ಕರೆತರಬೇಕು. ಬ್ರಿಟನ್ನಿನಲ್ಲಿ 999 ಅಥವಾ 112 ಸಂಖ್ಯೆಗೆ ಕರೆಮಾಡಬೇಕು. ಉಸಿರು ನಿಂತಿದ್ದರೆ, ಬಲ್ಲವರು ಎದೆಯೊತ್ತುವ ಪ್ರಥಮ ಚಿಕಿತ್ಸೆಯನ್ನು ಆರಂಭಿಸಬೇಕು. ತಲೆನೋವು ಇಳಿಯಿತೆಂದು ಮತ್ತೆ ಒಳಗೆ ಹೋಗಿ ಮಲಗಕೂಡದು. ಕೆಂಡವಿದ್ದ ಸಂಗತಿಯನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. 2020ರ ಕೋವಿಡ್ ಕಾಲದಿಂದ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಅನೇಕ ಮನೆಗಳನ್ನು ಸೇರಿದೆ. ಈ ವಿಷದಲ್ಲಿ ಅದನ್ನು ನಂಬುವಂತಿಲ್ಲ. ಮಾನಾಕ್ಸೈಡ್ ತುಂಬಿದ ರಕ್ತವನ್ನೂ ಅದು ಆಮ್ಲಜನಕವುಳ್ಳ ರಕ್ತವೆಂದೇ ತೋರಿಸುತ್ತದೆ. ಚೇತರಿಸಿಕೊಂಡವರಲ್ಲಿಯೂ ಕೆಲವರಿಗೆ ದಿನಗಳು ಅಥವಾ ವಾರಗಳ ಬಳಿಕ ಮರೆವು, ಗೊಂದಲಗಳು ಕಾಣಿಸಿಕೊಳ್ಳುವುದರಿಂದ ವೈದ್ಯರ ನಿಗಾ ಅಗತ್ಯ.

ಪಾಲಿಸತಕ್ಕ ನಿಯಮಗಳು

1. ಕೆಂಡವನ್ನು, ಆರಿದಂತೆ ಕಂಡರೂ, ಚಪ್ಪರದೊಳಕ್ಕೆ ತರಲೇಬಾರದು. ಚಳಿಗೆ ಕಂಬಳಿ, ಉಣ್ಣೆಯ ಉಡುಪು, ಬಿಸಿನೀರಿನ ಚೀಲಗಳೇ ಲೇಸು.

2. ಅಡುಗೆಯನ್ನು ಬಯಲಿನಲ್ಲಿ, ಬಟ್ಟೆಯ ಗೋಡೆಗಳಿಂದ ದೂರವಾಗಿ ಮಾಡಬೇಕು.

3. ಮಲಗುವ ಜಾಗದ ಸಮೀಪ ಮಾನಾಕ್ಸೈಡ್ ಎಚ್ಚರಿಕೆಗಂಟೆಯನ್ನು ಇಡಬೇಕು. ಕ್ಯಾರವಾನುಗಳಿಗೆ ತಕ್ಕದ್ದರ ಮೇಲೆ ಇಎನ್ 50291-2 ಎಂಬ ಗುರುತಿರುತ್ತದೆ. ಗುಂಡಿಯೊತ್ತಿ ಅದನ್ನು ಆಗಾಗ ಪರೀಕ್ಷಿಸಬೇಕು. ಗಂಟೆ ಇದೆಯೆಂದು ಒಲೆಯನ್ನು ಒಳಗೆ ತರುವುದು ಸಲ್ಲ.

4. ಕ್ಯಾರವಾನಿನ ಗಾಳಿಕಿಂಡಿಗಳನ್ನು ಚಳಿಗೆಂದು ಮುಚ್ಚಬಾರದು.

5. ವಿದ್ಯುತ್ ತಂತಿಯ ಸುರುಳಿಯನ್ನು ಪೂರ್ತಿ ಬಿಚ್ಚಿಯೇ ಬಳಸಬೇಕು. ಸುತ್ತಿದ ತಂತಿ ಕಾಯುತ್ತದೆ.

6. ಚಪ್ಪರವನ್ನು ಚೆನ್ನಾಗಿ ಒಣಗಿಸಿ ಮಡಿಸಬೇಕು. ಒದ್ದೆಯಾಗಿ ಮಡಿಸಿದ ಬಟ್ಟೆಗೆ ಬೂಷ್ಟು ಹಿಡಿಯುತ್ತದೆ. ಉಬ್ಬಸವುಳ್ಳವರಿಗೆ ಇದು ಬಾಧಕ.

ಈ ವಿಷಯ ವಿಲಾಯಿತಿಗೆ ಹೋಗುವವರಿಗಷ್ಟೇ ಸಂಬಂಧಿಸಿದ್ದಲ್ಲ. ದಿಲ್ಲಿಯ ಚಳಿಗಾಲದಲ್ಲಿ ಕದ ಮುಚ್ಚಿ ಅಂಗೀಠಿ ಉರಿಸಿ ಮಲಗುವ ಮನೆಗಳಲ್ಲಿಯೂ, ಮುಂಬಯಿ ಪುಣೆಗಳಲ್ಲಿ ಗ್ಯಾಸ್ ಗೀಸರ್ ಹಚ್ಚಿದ, ಗಾಳಿಯಾಡದ ಇಕ್ಕಟ್ಟಾದ ಬಚ್ಚಲುಗಳಲ್ಲಿಯೂ ಜೀವ ತೆಗೆಯುತ್ತಿರುವುದು ಇದೇ ಅನಿಲ. ಅಂಗೀಠಿಯನ್ನು ಮಲಗುವ ಕೋಣೆಯಿಂದ ಹೊರಗಿಡುವುದು, ಗೀಸರನ್ನು ಬಚ್ಚಲಿನ ಹೊರಗೆ ಗಾಳಿಯಾಡುವೆಡೆ ಅಳವಡಿಸುವುದು ಇವೆರಡೂ ಹೆಚ್ಚಿನ ಖರ್ಚಿನ ಕೆಲಸಗಳಲ್ಲ. ಬಟ್ಟೆಯ ಚಪ್ಪರವಾಗಲಿ, ಇಟ್ಟಿಗೆಯ ಮನೆಯಾಗಲಿ, ಮಲಗುವ ಮುನ್ನ ಒಳಗೆ ಕೆಂಡವಾಗಲಿ ಉರಿಯಾಗಲಿ ಉಳಿದಿದೆಯೇ ಎಂದು ಒಮ್ಮೆ ನೋಡಿಕೊಳ್ಳುವುದು ಪ್ರತಿಯೊಬ್ಬ ಗೃಹಸ್ಥನ ಹಾಗೂ ಗೃಹಿಣಿಯ ನಿತ್ಯದ ಅಭ್ಯಾಸವಾಗಬೇಕು.