ಉಕ್ಕಿನ ಗರ್ಡರೂ ಹಾರುಬೂದಿಯ ಕಾಂಕ್ರೀಟೂ

ವಿದ್ಯಾರ್ಥಿಗಳೇ, ಮುಂಬಯಿಯಲ್ಲಿ ಶಾಲೆಗೆ ಬರುವ ದಾರಿಯಲ್ಲಿ ಕಟ್ಟಡ ಏಳುತ್ತಿದ್ದರೆ ನಾವು ನಿಂತು ನೋಡುವುದುಂಟು. ಅದರಿಂದ ಪ್ರಾರ್ಥನೆಗೆ ತಡವಾದವರೂ ನಮ್ಮಲ್ಲಿದ್ದಾರೆ! ಉಕ್ಕನ್ನು ನಿಲ್ಲಿಸಿ ಸುತ್ತಲೂ ಕಾಂಕ್ರೀಟು ಸುರಿಯುತ್ತಾರೆ. ಕಾಂಕ್ರೀಟು ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ಎಳೆತವನ್ನು ತಾಳಲಾರದು. ಉಕ್ಕು ಎರಡನ್ನೂ ತಾಳುತ್ತದೆ. ಆದರೆ ಒಂದನ್ನೊಂದು ಬಿಡದೆ ಹಿಡಿದಿದ್ದರೆ ಮಾತ್ರ ಅವು ಒಂದಾಗಿ ಭಾರ ಹೊರುತ್ತವೆ.

ಈ ಹಿಡಿತಕ್ಕೆ ಅಂಟು, ಘರ್ಷಣೆ, ಉಬ್ಬುತಗ್ಗುಗಳ ಸಿಲುಕು ಎಂಬ ಮೂರು ಕಾರಣಗಳುಂಟು. ಕಂಬಿಯ ಮೈಮೇಲೆ ಉಬ್ಬುಗೆರೆಗಳಿರುವುದರಿಂದ ಅಲ್ಲಿ ಸಿಲುಕು ಬಲವಾದುದು. ಗರ್ಡರಿನ ಮೈಯಾದರೋ ನುಣುಪು. ಅಂಟು ಬಿಟ್ಟಿತೆಂದರೆ ಬಹುಮಟ್ಟಿಗೆ ಘರ್ಷಣೆಯೇ ಗತಿ. ಆದ್ದರಿಂದಲೇ ಯುರೋಪಿನ ಕಟ್ಟಡ ನಿಯಮವಾದ ಯುರೋಕೋಡ್ 4, ಕಾಂಕ್ರೀಟಿನಲ್ಲಿ ಪೂರ್ಣವಾಗಿ ಹುದುಗಿದ ಗರ್ಡರಿಗೆ ಚದರ ಮಿಲಿಮೀಟರಿಗೆ ಕೇವಲ 0.30 ನ್ಯೂಟನ್ ಹಿಡಿತವನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಗರ್ಡರಿನ ಸುತ್ತಳತೆ 1 ಮೀಟರ್, ಹುದುಗಿದ ಉದ್ದ 1 ಮೀಟರ್ ಎಂದುಕೊಳ್ಳೋಣ. ಮೇಲ್ಮೈ 10,00,000 ಚದರ ಮಿಲಿಮೀಟರ್. ಹಿಡಿತ 3,00,000 ನ್ಯೂಟನ್, ಅಂದರೆ ಸುಮಾರು 30 ಟನ್ ತೂಕ. ಅದಕ್ಕೂ ಮಿಕ್ಕಿದ ಭಾರವಿದ್ದರೆ ಗರ್ಡರಿಗೆ ಉಕ್ಕಿನ ಗೂಟಗಳನ್ನು ಬೆಸೆಯಬೇಕು.

ಇನ್ನು ಹೊಸ ಕಾಂಕ್ರೀಟಿನ ಮಾತು. ಸಿಮೆಂಟಿಗಾಗಿ ಸುಣ್ಣಕಲ್ಲನ್ನು ಸುಮಾರು 1,450 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಡುವಾಗ ಇಂಗಾಲದ ಡೈಆಕ್ಸೈಡ್ ಹೇರಳವಾಗಿ ಹೊರಬೀಳುತ್ತದೆ. ಜಿಯೊಪಾಲಿಮರ್ ಕಾಂಕ್ರೀಟಿಗೆ ಈ ಸಿಮೆಂಟು ಬೇಡ. ರಾಯಚೂರಿನಂತಹ ಶಾಖೋತ್ಪನ್ನ ವಿದ್ಯುತ್ ಕೇಂದ್ರಗಳಲ್ಲಿ ಕಲ್ಲಿದ್ದಲು ಉರಿದು ಉಳಿಯುವ ಹಾರುಬೂದಿಗೆ ಸೋಡಿಯಂ ಹೈಡ್ರಾಕ್ಸೈಡ್ ಮತ್ತು ಸೋಡಿಯಂ ಸಿಲಿಕೇಟ್ ದ್ರಾವಣಗಳನ್ನು ಬೆರೆಸಿದರೆ, ಬೂದಿಯ ಸಿಲಿಕಾ, ಅಲ್ಯುಮಿನಾಗಳು ಕರಗಿ, ಹೆಣೆದುಕೊಂಡು ಗಟ್ಟಿಯಾಗುತ್ತವೆ. ಈ ಹೆಸರನ್ನು 1970ರ ದಶಕದಲ್ಲಿ ಇಟ್ಟವರು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಜೋಸೆಫ್ ಡೇವಿಡೊವಿಟ್ಸ್.

ಇದು ಉಕ್ಕನ್ನು ಹಿಡಿದೀತೇ? ಉಬ್ಬುಗೆರೆಯ ಕಂಬಿಗಳನ್ನು ಅಷ್ಟೇ ಬಲದ ಸಾಮಾನ್ಯ ಕಾಂಕ್ರೀಟಿನಷ್ಟೇ, ಕೆಲವೊಮ್ಮೆ ಅದಕ್ಕಿಂತಲೂ ಚೆನ್ನಾಗಿ ಹಿಡಿದುದು ಪರೀಕ್ಷೆಗಳಲ್ಲಿ ಕಂಡಿದೆ. ಆದರೆ ಕಂಬಿಯ ಫಲವನ್ನು ಗರ್ಡರಿಗೆ ಅನ್ವಯಿಸುವುದು ಅವಸರವೆಂದೇ ನಮ್ಮ ಮತ. ಗರ್ಡರಿಗೆ ಬೇರೆಯೇ ಪರೀಕ್ಷೆಯುಂಟು: ಕಾಂಕ್ರೀಟಿನ ತುಂಡಿನೊಳಗೆ ಹುದುಗಿದ ಗರ್ಡರಿನ ತಲೆಯನ್ನು ಮೇಲಿನಿಂದ ಒತ್ತುತ್ತಾರೆ, ಕೆಳಗೆ ಕಾಂಕ್ರೀಟಿಗೆ ಮಾತ್ರ ಆಧಾರವಿದ್ದು, ಗರ್ಡರಿನಡಿ ಬರಿದಾಗಿರುತ್ತದೆ. ಭಾರ ಏರುತ್ತಾ ಹೋಗಿ, ಅಂಟು ಬಿಟ್ಟೊಡನೆ ಕುಸಿಯುತ್ತದೆ. ಆಮೇಲೆ ಘರ್ಷಣೆಯ ಬಲದಿಂದ ಗರ್ಡರು ತಡೆತಡೆದು ಜಾರುತ್ತದೆ.

ಜಿಯೊಪಾಲಿಮರನ್ನು ಮನೆಯಲ್ಲಿ ಕಲಸಲು ಹೋಗಬೇಡಿರಿ. ಅದರ ಕ್ಷಾರ ಚರ್ಮವನ್ನು ಸುಡುತ್ತದೆ. ಬದಲಾಗಿ ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನ ಎರಡು ಅಚ್ಚುಗಳಲ್ಲಿ ಒಂದಕ್ಕೆ ನುಣುಪು ಮೊಳೆಯನ್ನೂ ಇನ್ನೊಂದಕ್ಕೆ ಅಷ್ಟೇ ದಪ್ಪದ ಸ್ಕ್ರೂವನ್ನೂ ಒಂದೇ ಆಳಕ್ಕೆ ನೆಡಿರಿ. ಒಣಗಿದ ಮೇಲೆ ತಿರುಗಿಸದೆ ನೇರವಾಗಿ ಎಳೆದು, ಯಾವುದು ಮೊದಲು ಬಂದಿತೆಂದು ವಿಜ್ಞಾನದ ತರಗತಿಯಲ್ಲಿ ನಮಗೆ ತಿಳಿಸಿರಿ.