ಎಕ್ಸೆಸ್ ಎಂಬ ಸಾಲನ್ನು ಮೊದಲು ಓದಿ

ಮೈಸೂರಿನಲ್ಲಿ ಕೂತು ಜನರಿಗೆ ವಿದೇಶ ಪ್ರವಾಸ ಹೊಂದಿಸಿಕೊಡುವುದು ನನ್ನ ಕೆಲಸ. ಅದರಲ್ಲೂ ತಾವೇ ಕಾರು ಓಡಿಸಿಕೊಂಡು ಹೋಗುವವರ ಪ್ರವಾಸ. ಬಂದವರ ಮೊದಲ ಪ್ರಶ್ನೆ ‘ಕಾರಿಗೆ ದಿನಕ್ಕೆಷ್ಟು?’ ಅದಕ್ಕೆ ಉತ್ತರ ಸುಲಭ. ಕಷ್ಟ ಶುರುವಾಗುವುದು ಅಲ್ಲಿಳಿದ ಮೇಲೆ. ರಾತ್ರಿಯೆಲ್ಲ ವಿಮಾನದಲ್ಲಿ ಕಳೆದು, ನಿದ್ದೆಹೋದ ಮಗುವನ್ನು ಹೆಗಲಿಗೆ ಹಾಕಿಕೊಂಡು ಕೌಂಟರಿನ ಮುಂದೆ ನಿಂತವರಿಗೆ ಮೂರು ಬಗೆಯ ವಿಮೆ ತೋರಿಸಿ ‘ಯಾವುದು ಬೇಕು?’ ಎನ್ನುತ್ತಾರೆ. ಹೆದರಿ ಎಲ್ಲಕ್ಕೂ ಹೂಂ ಎಂದರೆ ಬಾಡಿಗೆಯಷ್ಟೇ ದುಡ್ಡು ವಿಮೆಗೂ ಹೋಗುತ್ತದೆ. ಎಲ್ಲಕ್ಕೂ ಬೇಡ ಎಂದು ಬಂದವರು ಒಂದು ಗೀರಿಗೆ ಲಕ್ಷ ತೆತ್ತದ್ದನ್ನೂ ನೋಡಿದ್ದೇನೆ. ಅದಕ್ಕೇ ಈ ಮಾತುಗಳನ್ನು ಊರಿನಲ್ಲೇ ಕೂರಿಸಿಕೊಂಡು ಹೇಳಿ ಕಳಿಸುತ್ತೇನೆ.

1. ವಿಮೆ ಇದೆಯೇ ಎಂದು ಕೇಳಬೇಡಿ, ಎಕ್ಸೆಸ್ ಎಷ್ಟು ಎಂದು ಕೇಳಿ.

ನಮ್ಮಲ್ಲಿ ಸ್ವಂತ ಕಾರು ಗುದ್ದಿಕೊಂಡರೆ ಕಡ್ಡಾಯವಾಗಿ ನಾವು ಕೊಡಬೇಕಾದ ಪಾಲು 1500 ಸಿಸಿವರೆಗಿನ ಕಾರಿಗೆ 1000 ರೂಪಾಯಿ, ಅದಕ್ಕಿಂತ ದೊಡ್ಡದಕ್ಕೆ 2000. ಸವಕಳಿಯ ಲೆಕ್ಕ ಬೇರೆ, ಆದರೂ ಈ ಅಭ್ಯಾಸದಿಂದ ‘ಇನ್ಶೂರೆನ್ಸ್ ಇದೆಯಲ್ಲ’ ಎಂಬ ಧೈರ್ಯ ಬಂದುಬಿಟ್ಟಿದೆ. ಹೊರಗಡೆ ಅದೇ ಪಾಲಿಗೆ ಎಕ್ಸೆಸ್ ಎಂದು ಹೆಸರು. ಯುರೋಪಿನಲ್ಲಿ ಸಾಧಾರಣ ಕಾರಿಗೆ 1000ದಿಂದ 2000 ಯೂರೋ ಇರುವುದು ಮಾಮೂಲು.

ಬಾಡಿಗೆಯೊಳಗೆ ಸೇರಿಸಿ ಕೊಡುವ ಸಿಡಿಡಬ್ಲ್ಯು ನಿಜಕ್ಕೂ ವಿಮೆಯೇ ಅಲ್ಲ. ಕಾರಿಗೆ ಹಾನಿಯಾದರೆ ಇಷ್ಟಕ್ಕಿಂತ ಮೇಲಿನದನ್ನು ನಿಮ್ಮಿಂದ ವಸೂಲಿ ಮಾಡುವುದಿಲ್ಲ ಎಂದು ಕಂಪನಿ ಕೊಡುವ ಮಾತು. ಆ ‘ಇಷ್ಟು’ ನಿಮ್ಮದೇ. ಅದನ್ನು ಇಳಿಸಬೇಕೆಂದರೆ ದಿನದ ಲೆಕ್ಕದಲ್ಲಿ ಹೆಚ್ಚು ಕೊಡಬೇಕು. ದಿನಕ್ಕೆ 25 ಯೂರೋ ಎಂದರೆ 12 ದಿನಕ್ಕೆ 300. ಇಳಿಯುವುದು 1500. ಎಡಕ್ಕೆ ಓಡಿಸಿ ರೂಢಿಯಾದವರು ಮೊದಲ ಸಲ ಬಲಕ್ಕೆ ಓಡಿಸುವ ದೇಶಕ್ಕೆ ಹೋಗುತ್ತಿದ್ದರೆ ಆ 300 ಕೊಡಿ ಎಂದೇ ನನ್ನ ಸಲಹೆ. ಬಲಬದಿಯ ಕನ್ನಡಿ, ಬಲಬದಿಯ ಚಕ್ರ ಎಲ್ಲಿದೆ ಎಂಬ ಅಂದಾಜು ಮೊದಲ ಮೂರು ದಿನ ಯಾರಿಗೂ ಸಿಗುವುದಿಲ್ಲ. ಇನ್ನೊಂದು: ಎಕ್ಸೆಸ್ ಸಾಮಾನ್ಯವಾಗಿ ಪ್ರತಿ ಘಟನೆಗೂ ಬೇರೆ ಬೇರೆ. ಸೋಮವಾರ ಮುಂದೆ ತಾಗಿಸಿ ಗುರುವಾರ ಹಿಂದೆ ತಾಗಿಸಿದರೆ ಎರಡು ಸಲ ಲೆಕ್ಕ.

2. ನಿಮ್ಮ ಕಾರು ಬೇರೆ, ಎದುರಿನವರು ಬೇರೆ.

ಮೇಲೆ ಹೇಳಿದ್ದೆಲ್ಲ ನೀವು ಓಡಿಸುವ ಕಾರಿನ ಮಾತು. ಇನ್ನೊಬ್ಬರಿಗೆ ಪೆಟ್ಟಾದರೆ ಏನು ಎನ್ನುವುದು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಯುರೋಪಿನಲ್ಲಿ ಥರ್ಡ್ ಪಾರ್ಟಿ ಕಡ್ಡಾಯ, ಬಾಡಿಗೆಯಲ್ಲೇ ಸೇರಿರುತ್ತದೆ. ನ್ಯೂಜಿಲೆಂಡಿನಲ್ಲಿ ಥರ್ಡ್ ಪಾರ್ಟಿ ವಿಮೆ ಕಾನೂನಿನಂತೆ ಕಡ್ಡಾಯವೇ ಅಲ್ಲ. ಆದರೆ 1974ರಿಂದ ಅಲ್ಲಿ ಸರ್ಕಾರದ ಎಸಿಸಿ ವ್ಯವಸ್ಥೆ ಇದೆ. ತಪ್ಪು ಯಾರದೆಂದು ನೋಡದೆ ಅಪಘಾತದ ಗಾಯಕ್ಕೆ ಅದು ಚಿಕಿತ್ಸೆ ಕೊಡಿಸುತ್ತದೆ, ಪ್ರವಾಸಿಗರಿಗೂ.

ಅಮೆರಿಕ ಇದಕ್ಕೆ ತೀರಾ ಉಲ್ಟಾ. ಕ್ಯಾಲಿಫೋರ್ನಿಯಾದಲ್ಲಿ ಕಾನೂನು ಕೇಳುವ ಕನಿಷ್ಠ ಹೊಣೆ 2024ರವರೆಗೆ ಒಬ್ಬರ ಗಾಯಕ್ಕೆ 15,000 ಡಾಲರ್ ಇತ್ತು. 2025ರ ಜನವರಿಯಿಂದ 30,000 ಆಗಿದೆ. ಅಲ್ಲಿನ ಆಸ್ಪತ್ರೆಯ ಬಿಲ್ ಬಲ್ಲವರಿಗೆ ಅದು ಎಷ್ಟು ಬೇಗ ಮುಗಿಯುತ್ತದೆಂದು ಗೊತ್ತು. ಅಮೆರಿಕಕ್ಕೆ ಹೋಗುವವರು ಬೇರೆ ಏನನ್ನಾದರೂ ಬಿಡಿ, ಹೊಣೆಯ ಹೆಚ್ಚುವರಿ ರಕ್ಷಣೆಯನ್ನು ಮಾತ್ರ ಬಿಡಬೇಡಿ. ಹೊರದೇಶದವರಿಗೆಂದು ಮಾರುವ ಪ್ಯಾಕೇಜುಗಳಲ್ಲಿ ಅದು ಎಷ್ಟೋ ಸಲ ಮೊದಲೇ ಸೇರಿರುತ್ತದೆ. ವೋಚರ್ ಓದಿಕೊಂಡೇ ಹೋಗಿ, ಕೌಂಟರಿನಲ್ಲಿ ಎರಡನೇ ಸಲ ಕೊಳ್ಳಬೇಡಿ.

ಮಕ್ಕಳ ಮನೆಗೆ ಹೋಗುವ ಅಪ್ಪ ಅಮ್ಮಂದಿರು ಕೇಳುತ್ತಾರೆ: ‘ನಮ್ಮ ಹುಡುಗನ ಕಾರಿನ ಪಾಲಿಸಿ ಇದೆಯಲ್ಲ, ಸಾಕಲ್ವಾ ಮೇಡಂ?’ ಮಗನೇ ಬಾಡಿಗೆಗೆ ತೆಗೆದುಕೊಂಡು ಮಗನೇ ಓಡಿಸಿದರೆ ಬಹುಪಾಲು ಸಾಕಾಗಬಹುದು. ಅಪ್ಪ ತಮ್ಮ ಹೆಸರಿನಲ್ಲಿ ತೆಗೆದುಕೊಂಡರೆ ಆ ಪಾಲಿಸಿಯನ್ನು ನಂಬಿ ಕೂರಬೇಡಿ. ಮಗನ ವಿಮಾ ಕಂಪನಿಯಿಂದ ಬರಹದಲ್ಲಿ ಉತ್ತರ ತರಿಸಿಕೊಳ್ಳಿ.

3. ‘ಫುಲ್ ಕವರ್’ ಎಂದರೆ ಎರಡು ಅರ್ಥ.

ದಾವಣಗೆರೆಯ ನಿವೃತ್ತ ಮೇಷ್ಟ್ರೊಬ್ಬರು ಪೋರ್ಚುಗಲ್‌ಗೆ ಹೊರಟಿದ್ದರು. ಕಾರು ಬುಕ್ ಮಾಡಿದ ಜಾಲತಾಣದಲ್ಲೇ ಅಗ್ಗಕ್ಕೆ ಫುಲ್ ಕವರ್ ಕೊಂಡಿದ್ದರು. ಲಿಸ್ಬನ್ನಿನ ಕೌಂಟರಿನಲ್ಲಿ ‘ಅದು ನಮ್ಮದಲ್ಲ’ ಎಂದು 1500 ಯೂರೋವನ್ನು ಅವರ ಕಾರ್ಡಿನಲ್ಲಿ ತಡೆಹಿಡಿದರು. ಮೇಷ್ಟ್ರು ನನಗೆ ಫೋನ್ ಮಾಡಿ, ‘ಮೋಸ ಆಯ್ತಮ್ಮ’ ಎಂದರು. ಮೋಸವಾಗಿರಲಿಲ್ಲ. ಹಾಗೆ ಹೊರಗಿನಿಂದ ಕೊಂಡದ್ದು ಮರುಪಾವತಿಯ ವಿಮೆ. ಹಾನಿಯಾದರೆ ಬಾಡಿಗೆ ಕಂಪನಿ ಮೊದಲು ನಿಮ್ಮಿಂದ ಕಿತ್ತುಕೊಳ್ಳುತ್ತದೆ, ನೀವು ಆಮೇಲೆ ವಿಮೆಯವರಿಂದ ಕೇಳಿ ಪಡೆಯಬೇಕು. ಮೇಷ್ಟ್ರ ಕಾರಿನ ಬಾಗಿಲಿಗೆ ಗೀರು ಬಿದ್ದು 640 ಯೂರೋ ಕಡಿತವಾಯಿತು. ಕರಾರು ಪತ್ರ, ಹಾನಿಯ ವರದಿ, ರಿಪೇರಿ ಬಿಲ್, ಕಾರ್ಡಿನ ಸ್ಟೇಟ್‌ಮೆಂಟ್ ನಾಲ್ಕನ್ನೂ ಕಳಿಸಿ ಎರಡು ತಿಂಗಳು ಕಾದ ಮೇಲೆ ಹಣ ಬಂತು.

ಅಗ್ಗವಾದ್ದರಿಂದ ಈ ದಾರಿಯನ್ನು ಬೇಡವೆನ್ನಲಾರೆ. ಆದರೆ ಕಾರ್ಡಿನಲ್ಲಿ ಅಷ್ಟು ಮಿತಿ ಇರಬೇಕು, ಕಾಗದ ಜೋಡಿಸಿಡುವ ತಾಳ್ಮೆ ಇರಬೇಕು. ಭಾರತದಲ್ಲಿ ವಾಸಿಸುವವರಿಗೆ ಆ ಪಾಲಿಸಿ ಅನ್ವಯಿಸುತ್ತದೆಯೇ ಎಂದೂ ನೋಡಬೇಕು. ಕೆಲವು ಪಾಲಿಸಿಗಳು ಬ್ರಿಟನ್ ಅಥವಾ ಯುರೋಪಿನ ನಿವಾಸಿಗಳಿಗೆ ಮಾತ್ರ. ನಾವು ಇಲ್ಲಿಂದ ಮಾಡಿಸಿಕೊಂಡು ಹೋಗುವ ಟ್ರಾವೆಲ್ ಇನ್ಶೂರೆನ್ಸಿನ ವೈಯಕ್ತಿಕ ಹೊಣೆಯ ಭಾಗದಲ್ಲಿ ಸಾಮಾನ್ಯವಾಗಿ ಮೋಟಾರು ವಾಹನವನ್ನು ಹೊರಗಿಟ್ಟಿರುತ್ತಾರೆ. ಅದನ್ನು ಕಾರಿನ ಲೆಕ್ಕಕ್ಕೆ ಹಿಡಿಯಬೇಡಿ.

4. ಬಿಟ್ಟುಹೋದದ್ದರ ಪಟ್ಟಿ ಓದಿ.

ಟೈರು, ಗಾಜು, ಕಾರಿನ ತಳ, ಮೇಲ್ಛಾವಣಿ, ಬೀಗದ ಕೈ. ಮೂಲ ರಕ್ಷಣೆಯಲ್ಲಿ ಇವು ಎಷ್ಟೋ ಸಲ ಇರುವುದಿಲ್ಲ. ಆದರೆ ಪಟ್ಟಿಯ ನಿಜವಾದ ಅರ್ಥ ತಿಳಿಯುವುದು ಆ ನೆಲಕ್ಕೆ ಹೋದಾಗ. ಐಸ್‌ಲೆಂಡಿನ ಕೌಂಟರಿನಲ್ಲಿ ಜಲ್ಲಿಕಲ್ಲಿಗೊಂದು, ಮರಳು ಮತ್ತು ಬೂದಿಗೊಂದು ವಿಮೆ ಕೇಳಿದಾಗ ನನಗೆ ಅತಿಯೆನಿಸಿತ್ತು. ವೀಕ್ ಊರಿನ ಹತ್ತಿರದ ಕಪ್ಪು ಮರಳಿನ ತೀರದಲ್ಲಿ ಗಾಳಿ ಎದ್ದಾಗ ಅರ್ಥವಾಯಿತು. ಅಲ್ಲಿಯ ಮರಳು ಬಣ್ಣವನ್ನು ಉಜ್ಜಿ ತೆಗೆಯುತ್ತದೆ. ಪಕ್ಕದಲ್ಲಿ ನಿಂತಿದ್ದ ಕಾರಿನವರು ಬಾಗಿಲು ತೆಗೆದದ್ದೇ ತಡ, ಗಾಳಿ ಅದನ್ನು ಕೀಲಿನಿಂದ ಹಿಂದಕ್ಕೆ ಮಡಚಿಹಾಕಿತು. ಬಾಗಿಲಿಗೆ ಗಾಳಿಯಿಂದಾಗುವ ಹಾನಿ ಅಲ್ಲಿನ ಸಾಧಾರಣ ರಕ್ಷಣೆಗೆ ಬರುವುದಿಲ್ಲ. ಗಾಳಿಗೆ ಮುಖಮಾಡಿ ಕಾರು ನಿಲ್ಲಿಸಿ, ಬಾಗಿಲನ್ನು ಕೈಯಲ್ಲಿ ಹಿಡಿದೇ ತೆಗೆಯಿರಿ, ಮಕ್ಕಳ ಬಾಗಿಲನ್ನು ನೀವೇ ತೆಗೆಯಿರಿ. ಹೊಳೆ ದಾಟುವಾಗ ಎಂಜಿನ್ನಿಗೆ ನೀರು ನುಗ್ಗಿದರೆ ಯಾವ ದೊಡ್ಡ ಪ್ಯಾಕೇಜೂ ಸಾಮಾನ್ಯವಾಗಿ ಕೈಹಿಡಿಯುವುದಿಲ್ಲ. ಎಫ್ ಅಕ್ಷರದಿಂದ ಶುರುವಾಗುವ ಒಳನಾಡಿನ ರಸ್ತೆಗಳಿಗೆ ನಾಲ್ಕು ಚಕ್ರಕ್ಕೂ ಶಕ್ತಿಯಿರುವ ಗಾಡಿಯೇ ಆಗಬೇಕು.

ನ್ಯೂಜಿಲೆಂಡಿನಲ್ಲಿ ರಸ್ತೆಯ ಹೆಸರು ಹೇಳಿಯೇ ಬರೆದಿರುತ್ತಾರೆ. ಕ್ವೀನ್ಸ್‌ಟೌನ್ ಬಳಿಯ ಸ್ಕಿಪ್ಪರ್ಸ್ ರಸ್ತೆ, ಉತ್ತರದ ನೈಂಟಿ ಮೈಲ್ ಬೀಚ್. ಬೀಚಿನ ಮೇಲೆ ಕಾರು ಓಡಿಸುವುದು ಅಲ್ಲಿ ಕಾನೂನಿಗೆ ತಪ್ಪಲ್ಲ, ಕರಾರಿಗೆ ತಪ್ಪು. ಒಂದು ಫೋಟೋಗಾಗಿ ಇಳಿದು, ಚಕ್ರ ಹೂತು, ಉಬ್ಬರ ಬಂದರೆ ಇಡೀ ಕಾರಿನ ಬೆಲೆ ನಿಮ್ಮ ತಲೆಯ ಮೇಲೆ.

5. ಯಾರ ಹೆಸರು, ಯಾರ ಕಾರ್ಡು.

ಕಾರ್ಡು ಮುಖ್ಯ ಚಾಲಕರ ಹೆಸರಿನ ಕ್ರೆಡಿಟ್ ಕಾರ್ಡೇ ಆಗಿರಲಿ, ವಿದೇಶಿ ಬಳಕೆಯನ್ನು ಊರಲ್ಲೇ ಆನ್ ಮಾಡಿಕೊಳ್ಳಿ. ಯಂತ್ರ ‘ರೂಪಾಯಿಯೋ ಯೂರೋನೋ’ ಎಂದು ಕೇಳಿದರೆ ಯೂರೋ ಒತ್ತಿ. ಇಂಟರ್‌ನ್ಯಾಷನಲ್ ಪರ್ಮಿಟ್ ನಮ್ಮ ಆರ್‌ಟಿಒದಲ್ಲೇ ಸಿಗುತ್ತದೆ, ಒಂದು ವರ್ಷ ಚಾಲ್ತಿಯಲ್ಲಿರುತ್ತದೆ.

ಇದಕ್ಕಿಂತ ದೊಡ್ಡ ಮಾತು, ಕರಾರಿನಲ್ಲಿ ಹೆಸರಿಲ್ಲದವರು ಸ್ಟೇರಿಂಗ್ ಮುಟ್ಟಬಾರದು. ಗಂಡ ದಣಿದು ತೂಕಡಿಸುತ್ತಾರೆ, ‘ಇನ್ನು ನಲವತ್ತು ಕಿಲೋಮೀಟರು ತಾನೇ, ನಾನು ಓಡಿಸ್ತೀನಿ’ ಎಂದು ಹೆಂಡತಿ ಕೂರುತ್ತಾರೆ. ಅವರಿಬ್ಬರ ಮಟ್ಟಿಗೆ ಅದೇ ಸುರಕ್ಷಿತ ನಿರ್ಧಾರ. ಕರಾರಿನ ಮಟ್ಟಿಗೆ ಆ ನಲವತ್ತು ಕಿಲೋಮೀಟರಿಗೆ ರಕ್ಷಣೆಯೇ ಇಲ್ಲ. ದೂರದ ಪ್ರಯಾಣವಿದ್ದರೆ ಎರಡನೇ ಚಾಲಕರ ಹೆಸರಿಗೆ ದುಡ್ಡು ಕೊಟ್ಟೇ ಬಿಡಿ.

6. ಪೆಟ್ಟಾದರೆ ಕಾರು ಸರಿಸುವ ಮೊದಲು ಫೋಟೋ, ಆಮೇಲೆ ಫೋನು.

ದುಬೈಯಲ್ಲಂತೂ ಪೊಲೀಸ್ ವರದಿಯಿಲ್ಲದೆ ಗ್ಯಾರೇಜಿನವರು ಗೀರನ್ನೂ ಸರಿಪಡಿಸುವುದಿಲ್ಲ.

7. ಕಾರು ಒಪ್ಪಿಸುವ ಗಂಟೆ.

ತೆಗೆದುಕೊಳ್ಳುವಾಗ ಸುತ್ತಲೂ ವಿಡಿಯೋ ಮಾಡಿ ಎಂದು ಎಲ್ಲರೂ ಹೇಳುತ್ತಾರೆ. ಒಪ್ಪಿಸುವಾಗಲೂ ಮಾಡಬೇಕು. ನಾನೊಮ್ಮೆ ಭಾನುವಾರ ಸಂಜೆ ಕಚೇರಿ ಮುಚ್ಚಿದ ಮೇಲೆ ಕೀಲಿಯನ್ನು ಡಬ್ಬಿಗೆ ಹಾಕಿ ಬಂದಿದ್ದೆ. ಮರುದಿನ ಮಧ್ಯಾಹ್ನ ಹಿಂದಿನ ಬಂಪರಿನಲ್ಲಿ ಬಿರುಕು ಎಂದು ಬಿಲ್ ಬಂತು. ಸಿಬ್ಬಂದಿ ಬಂದು ನೋಡುವವರೆಗೂ ಕಾರು ನಿಮ್ಮ ಹೊಣೆ ಎಂದು ಕರಾರಿನಲ್ಲೇ ಇತ್ತು. ಅವರ ಅಂಗಳದಲ್ಲೇ ಭಾನುವಾರ ಸಂಜೆ ತೆಗೆದ, ವೇಳೆ ನಮೂದಾದ ವಿಡಿಯೋ ಕಳಿಸಿ, ಮೂರು ಇಮೇಲ್ ಬರೆದ ಮೇಲೆ ಬಿಲ್ ಹಿಂದಕ್ಕೆ ಪಡೆದರು. ಈಗ ನಾನು ಹೊಂದಿಸುವ ಪ್ರವಾಸಗಳಲ್ಲಿ ಕೊನೆಯ ದಿನದ ಒಂದು ಜಾಗ ಕಡಿಮೆಯಾದರೂ ಸರಿ, ಕಚೇರಿ ತೆರೆದಿರುವಾಗಲೇ ಕಾರು ಒಪ್ಪಿಸಿ, ಹಾನಿಯಿಲ್ಲ ಎಂಬ ಸಹಿ ಪಡೆಯುವುದಕ್ಕೆ ಅರ್ಧ ಗಂಟೆ ಎತ್ತಿಟ್ಟಿರುತ್ತೇನೆ.